ಅಮೆರಿಕದ ಗೋಡೆ ಗಡಿಯಾರ

ಗೃಹಸ್ಥನ ಮನೆಯಲ್ಲಿರುವ ವಸ್ತುಗಳಲ್ಲಿ ಹೆಚ್ಚಿನವು ನಾವು ಕೈಯಿಟ್ಟಾಗ ಮಾತ್ರ ಕೆಲಸ ಮಾಡತಕ್ಕವು. ಒರಳು ತಾನಾಗಿ ರುಬ್ಬುವುದಿಲ್ಲ; ದೀಪವು ತಾನಾಗಿ ಹೊತ್ತಿಕೊಳ್ಳುವುದಿಲ್ಲ; ಪುಸ್ತಕವು ತೆರೆಯುವವರಿಲ್ಲದೆ ಮಾತನಾಡುವುದಿಲ್ಲ. ಗೋಡೆಯ ಗಡಿಯಾರವೊಂದು ಮಾತ್ರ ವಾರಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಮನೆಯವರು ಎಚ್ಚರವಾಗಿರಲಿ, ನಿದ್ರಿಸುತ್ತಿರಲಿ, ಬೀಗ ಹಾಕಿಕೊಂಡು ಜಾತ್ರೆಗೆ ಹೋಗಿರಲಿ, ತನ್ನ ಧರ್ಮವನ್ನು ತಾನು ಬಿಡದೆ ನಡೆಸುವುದು. ಇಂತಹ ನಿಯಮನಿಷ್ಠೆಯು ಮನುಷ್ಯರಲ್ಲಿಯೇ ಅಪೂರ್ವವಾಗಿರುವಾಗ, ಮರ ಹಿತ್ತಾಳೆಗಳಲ್ಲಿ ಅದನ್ನು ತುಂಬಿದವರಾರು, ಹೇಗೆ ತುಂಬಿದರು ಎಂದು ವಿಚಾರಿಸುವುದು ವ್ಯರ್ಥವಾದ ಕೆಲಸವಲ್ಲ.

ನಮ್ಮ ನಾಡಿನ ಹಳೆಯ ಮನೆಗಳ ಪಡಸಾಲೆಗಳಲ್ಲಿ ತೂಗುವ ಗಡಿಯಾರಗಳನ್ನು ಹತ್ತಿರ ಹೋಗಿ ನೋಡಿದರೆ, ಕೆಲವುಗಳ ಮುಖಫಲಕದ ಮೇಲೆ ಸೇತ್ ಥಾಮಸ್, ಅನ್ಸೋನಿಯ, ವಾಟರ್‌ಬರಿ, ನ್ಯೂ ಹೇವನ್ ಮುಂತಾದ ಹೆಸರುಗಳು ಮಸುಕಾಗಿ ಕಾಣುವುವು. ಇವೆಲ್ಲ ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೈಕಿ ಕನೆಕ್ಟಿಕಟ್ ಎಂಬ ಚಿಕ್ಕ ಸಂಸ್ಥಾನದಲ್ಲಿ ಹುಟ್ಟಿದ ಕಾರ್ಖಾನೆಗಳು. ತಾತನ ಕಾಲದಲ್ಲಿ ಕೊಂಡು ತಂದ ಈ ಗಡಿಯಾರಗಳಲ್ಲಿ ಎಷ್ಟೋ ಇಂದು ನಿಂತುಹೋಗಿರುವುವು. ಸುಣ್ಣ ಬಳಿಯುವಾಗ ಕೆಳಗಿಳಿಸಿದರೆ ಮನೆಯಲ್ಲಿ ಚರ್ಚೆ ಹುಟ್ಟುವುದು. ಮಾರಿಬಿಡೋಣವೆಂದು ಒಬ್ಬರು ಹೇಳುವರು. ಪೆಟ್ಟಿಗೆ ಚೆನ್ನಾಗಿದೆ, ಒಳಗಿನದನ್ನು ಕಿತ್ತು ಬ್ಯಾಟರಿಯ ಯಂತ್ರವನ್ನು ಕೂರಿಸೋಣವೆಂದು ಇನ್ನೊಬ್ಬರು ಹೇಳುವರು. ತೀರ್ಪು ಹೇಳುವುದಕ್ಕೆ ಮೊದಲು ಆ ವಸ್ತುವೇನೆಂಬುದನ್ನು ತಿಳಿಯಬೇಕಷ್ಟೆ. ಅದಕ್ಕಾಗಿಯೇ ಈ ಲೇಖನ.

ಕಾಲವನ್ನಳೆಯುವ ವಿದ್ಯೆಯು ನಮಗೆ ಹೊಸದಲ್ಲ. ‘ಗಡಿಯಾರ’ ಎಂಬ ಮಾತಿನಲ್ಲಿಯೇ ಸಂಸ್ಕೃತದ ‘ಘಟಿಕಾ’ ಶಬ್ದವು ಅಡಗಿರುವುದು. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟು ಕಾಲವೇ ಒಂದು ಘಟಿಕೆ. ಅಹೋರಾತ್ರಕ್ಕೆ ಅಂತಹ 60 ಘಟಿಕೆಗಳು. ಇಂದಿನ ಲೆಕ್ಕದಲ್ಲಿ ಒಂದಕ್ಕೆ 24 ನಿಮಿಷ. ಆದರೆ ಮುಳುಗಿದ ಬಟ್ಟಲನ್ನು ಮತ್ತೆ ಮತ್ತೆ ಎತ್ತಿಡಲು ಒಬ್ಬನು ಎಚ್ಚರವಾಗಿ ಕುಳಿತಿರಬೇಕಾಗಿತ್ತು. 1656ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಎಂಬ ಪಂಡಿತನು ತೂಗುವ ಲೋಲಕವನ್ನು ಹಲ್ಲುಚಕ್ರಗಳಿಗೆ ಜೋಡಿಸಿದ ಮೇಲೆ ಆ ಎಚ್ಚರವನ್ನು ಯಂತ್ರವೇ ವಹಿಸಿಕೊಂಡಿತು. ತೂಗಾಟವು ಕಿರಿದಾಗಿರುವವರೆಗೆ, ಲೋಲಕವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಕಾಲವು ಅದರ ಉದ್ದವನ್ನು ಅವಲಂಬಿಸಿರುವುದೇ ಹೊರತು ಗುಂಡಿನ ತೂಕವನ್ನಲ್ಲ. 39 ಅಂಗುಲಗಳಿಗೆ ತುಸು ಹೆಚ್ಚಾದ ಲೋಲಕವು ಸೆಕೆಂಡಿಗೊಮ್ಮೆ ತೂಗುವುದು. ಅರ್ಧ ಸೆಕೆಂಡಿಗೊಮ್ಮೆ ತೂಗಬೇಕಾದರೆ ಉದ್ದವು ಅರ್ಧವಾದರೆ ಸಾಲದು, ಕಾಲು ಪಾಲಾಗಬೇಕು. ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಸಿರಿವಂತರ ಮನೆಗಳಲ್ಲಿ ಇದ್ದುದು ಇಂಗ್ಲೆಂಡಿನ ಮಾದರಿಯ ಆಳೆತ್ತರದ ಗಡಿಯಾರ. ನೆಲದ ಮೇಲೆ ನಿಲ್ಲುವ ಆ ಪೆಟ್ಟಿಗೆಯು ಏಳೆಂಟು ಅಡಿಗಳ ಎತ್ತರವಿರುತ್ತಿತ್ತು. ಸೆಕೆಂಡಿನ ಲೋಲಕವು ತೂಗಾಡುವುದಕ್ಕೂ, ತೂಕದ ಗುಂಡುಗಳು ಎಂಟು ದಿನಗಳ ಕಾಲ ಮೆಲ್ಲಮೆಲ್ಲನೆ ಇಳಿಯುವುದಕ್ಕೂ ಅಷ್ಟು ಸ್ಥಳವು ಬೇಕಾಗಿತ್ತು. ಹಿತ್ತಾಳೆಯು ಆ ದೇಶದಲ್ಲಿ ದುರ್ಲಭವಾಗಿತ್ತು. ಅದನ್ನು ಎರಕ ಹೊಯ್ದು, ಬಡಿದು ಗಟ್ಟಿಮಾಡಿ, ಒಂದೊಂದು ಚಕ್ರದ ಹಲ್ಲುಗಳನ್ನೂ ಕತ್ತರಿಸಿ ಅರದಿಂದ ತಿದ್ದುವಷ್ಟರಲ್ಲಿ ಒಂದು ಗಡಿಯಾರಕ್ಕೆ ವಾರಗಳೇ ಹಿಡಿಯುತ್ತಿದ್ದುವು. ಸಾಮಾನ್ಯ ರೈತನಿಗೆ ಸೂರ್ಯನೇ ಗಡಿಯಾರ, ದೇವಾಲಯದ ಗಂಟೆಯೇ ಎಚ್ಚರಿಕೆ.

ಈ ಆಳೆತ್ತರದ ಗಡಿಯಾರವನ್ನು ನೆಲದಿಂದ ಎತ್ತಿ ಗೋಡೆಗೆ ಏರಿಸಿದವರಲ್ಲಿ ಸೈಮನ್ ವಿಲ್ಲರ್ಡ್ ಅಗ್ರಗಣ್ಯನು. ಈತನು 1753ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಗ್ರಾಫ್ಟನ್ ಎಂಬ ಊರಿನಲ್ಲಿ ಹುಟ್ಟಿದನು. ಬೆಂಜಮಿನ್, ಎಫ್ರೇಂ, ಏರನ್ ಎಂಬ ಸಹೋದರರೂ ಇದೇ ವೃತ್ತಿಯವರು. ಬಾಸ್ಟನ್ ನಗರದ ಪಕ್ಕದ ರಾಕ್ಸ್‌ಬರಿಯಲ್ಲಿ ಅಂಗಡಿಯಿಟ್ಟಿದ್ದ ಸೈಮನ್ನನು 1802ರಲ್ಲಿ ಹೊಸ ಬಗೆಯ ಗೋಡೆ ಗಡಿಯಾರವೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ದುಂಡು ತಲೆ, ನೀಳವಾದ ಕತ್ತು, ಅದರ ಕೆಳಗೆ ಚೌಕವಾದ ಪೆಟ್ಟಿಗೆ. ಒಟ್ಟು ಎತ್ತರವು ಮೂರಡಿಯ ಆಸುಪಾಸು. ಬ್ಯಾಂಜೋ ಎಂಬ ಅಲ್ಲಿಯ ತಂತಿವಾದ್ಯವನ್ನು ತಲೆಕೆಳಗಾಗಿ ಹಿಡಿದಂತೆ ತೋರುವುದರಿಂದ ಮುಂದಿನ ಜನರು ಇದನ್ನು ಬ್ಯಾಂಜೋ ಗಡಿಯಾರವೆಂದು ಕರೆದರು. ವಿಲ್ಲರ್ಡನು ಮಾತ್ರ ಅದನ್ನು ‘ಸುಧಾರಿಸಿದ ಕಾಲಮಾಪಕ’ವೆಂಬ ಅರ್ಥದ ಹೆಸರಿನಿಂದ ಕರೆದಿದ್ದನು.

ಇದರಲ್ಲಿ ಆತನ ಬುದ್ಧಿವಂತಿಕೆಯು ಎಲ್ಲಿರುವುದೆಂದರೆ, ಎಂಟಡಿಯ ಪೆಟ್ಟಿಗೆಯು ಮಾಡುತ್ತಿದ್ದ ಕೆಲಸವನ್ನು ಮೂರಡಿಯಲ್ಲಿ ಅಡಗಿಸಿದುದರಲ್ಲಿ. ಚಕ್ರಗಳ ಹಲ್ಲುಗಳ ಲೆಕ್ಕವನ್ನು ಬದಲಿಸಿ, ಗುಂಡಿನ ಅಲ್ಪವಾದ ಇಳಿತದಿಂದಲೇ ಎಂಟು ದಿನಗಳ ನಡಿಗೆಯನ್ನು ಸಾಧಿಸಿದನು. ಲೋಲಕವನ್ನು ಗುಂಡಿನ ಮುಂದುಗಡೆಗೆ ತಂದನು. ಗುಂಡಿಗೆ ಹಿಂದೆ ಬೇರೊಂದು ಓಣಿಯನ್ನೇ ಕಟ್ಟಿದನು. ಇದರಿಂದ ಒಂದಕ್ಕೊಂದು ತಾಗುವ ಭಯವು ತಪ್ಪಿತು. ಗಂಟೆ ಹೊಡೆಯುವ ಭಾಗವನ್ನು ಬಿಟ್ಟುಬಿಟ್ಟನು. ಅದಕ್ಕೆ ಬೇಕಾಗಿದ್ದ ಎರಡನೆಯ ಗುಂಡೂ ಚಕ್ರಗಳೂ ಉಳಿದುವು. ಸೇರಿಸಿದ್ದಕ್ಕಿಂತ ಬಿಟ್ಟದ್ದರಿಂದಲೇ ಈ ಯಂತ್ರವು ಶ್ರೇಷ್ಠವಾಯಿತೆಂದರೆ ಅತಿಶಯೋಕ್ತಿಯಾಗಲಾರದು. ಸೂತ್ರಕಾರರು ಅರ್ಧ ಮಾತ್ರೆಯನ್ನು ಉಳಿಸಿ ಸಂತೋಷಪಡುತ್ತಿದ್ದರೆಂದು ನಮ್ಮ ವೈಯಾಕರಣರಲ್ಲಿ ಮಾತಿದೆ. ವಿಲ್ಲರ್ಡನು ಆ ಜಾತಿಯವನು.

ಹೊರಗಣ ಅಲಂಕಾರವೂ ಕಡಿಮೆಯದಲ್ಲ. ಕತ್ತಿಗೂ ಕೆಳಪೆಟ್ಟಿಗೆಗೂ ಕೂರಿಸಿದ ಗಾಜುಗಳ ಮೇಲೆ ಬಂಗಾರದ ರೇಕು ಮತ್ತು ಬಣ್ಣಗಳಿಂದ ಚಿತ್ರಗಳನ್ನು ಬರೆದಿರುವರು. ಇದು ಗಾಜಿನ ಹಿಂಬದಿಯಲ್ಲಿ ಬರೆಯುವ ಚಿತ್ರ. ಕಾಗದದ ಮೇಲೆ ಬರೆಯುವವನು ಮೊದಲು ಆಕಾಶವನ್ನು ತುಂಬಿ, ಆಮೇಲೆ ಮರವನ್ನೂ ಕೊನೆಗೆ ಎಲೆಯ ಮೇಲಣ ಹೊಳಪನ್ನೂ ಬರೆಯುವನು. ಗಾಜಿನ ಹಿಂದೆ ಬರೆಯುವವನಿಗೆ ಎಲ್ಲವೂ ವಿಲೋಮ. ಹೊಳಪನ್ನು ಮೊದಲು ಇಡಬೇಕು, ಆಕಾಶವನ್ನು ಕಡೆಗೆ ತುಂಬಬೇಕು. ಒಮ್ಮೆ ತಪ್ಪಿದರೆ ಮೇಲಿಂದ ತಿದ್ದುವಂತಿಲ್ಲ. ನಮ್ಮಲ್ಲಿಯೂ ತಂಜಾವೂರು, ಮೈಸೂರು ಕಡೆಗಳಲ್ಲಿ ಗಾಜಿನ ಹಿಂದೆ ದೇವರ ಪಟಗಳನ್ನು ಬರೆಯುತ್ತಿದ್ದುದನ್ನು ಬಲ್ಲವರಿಗೆ ಈ ಕೆಲಸದ ಕಷ್ಟವು ಬೇಗನೆ ಅರಿವಾಗುವುದು.

ವಿಲ್ಲರ್ಡನ ಮಾದರಿಯನ್ನು ಕಂಡು ಅನೇಕರು ಅನುಕರಿಸಿದರು. ಹಕ್ಕುಪತ್ರವಿದ್ದರೂ ಅದರಿಂದ ಆತನು ಧನವಂತನಾಗಲಿಲ್ಲ. ಕೀರ್ತಿಯೇ ಆತನಿಗೆ ದೊರೆತ ಲಾಭ. ವಾಷಿಂಗ್ಟನ್ ನಗರದ ಶಾಸನಸಭೆಯ ಭವನದಲ್ಲಿ ಇತಿಹಾಸದೇವತೆಯು ರಥವೇರಿ ಬರೆಯುತ್ತಿರುವಂತೆ ಕಾರ್ಲೊ ಫ್ರಾನ್ಜೋನಿ ಎಂಬ ಶಿಲ್ಪಿಯು 1819ರಲ್ಲಿ ಕಡೆದ ಅಮೃತಶಿಲೆಯ ವಿಗ್ರಹವೊಂದಿರುವುದು. ಆ ರಥದ ಗಾಲಿಯೇ ಗಡಿಯಾರದ ಮುಖ. ಅದರೊಳಗಿನ ಯಂತ್ರವು 1837ರಲ್ಲಿ ಕೂರಿಸಲ್ಪಟ್ಟದ್ದು. ಮಾಡಿದವನು ಎಂಬತ್ತನ್ನು ದಾಟಿದ್ದ ಸೈಮನ್ ವಿಲ್ಲರ್ಡ್. 1848ರಲ್ಲಿ ಆತನು ತೀರಿಕೊಂಡನು.

ಇಲ್ಲಿಯವರೆಗೆ ಹೇಳಿದುದು ಒಬ್ಬ ಕುಶಲಿಯ ಕೈ ಮತ್ತು ಕಣ್ಣುಗಳ ಕಥೆ. ಆದರೆ ಬಾಸ್ಟನ್ನಿನ ವರ್ತಕನು ಕೊಳ್ಳುತ್ತಿದ್ದ ಗಡಿಯಾರವು ಹಳ್ಳಿಯ ಮನೆಗೆ ಬರಬೇಕಾದರೆ ಬೇರೊಂದು ವಿಧದ ಕುಶಲತೆಯು ಬೇಕಾಗಿತ್ತು. ಅದು ನೆರೆಯ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹುಟ್ಟಿತು. ಹುಟ್ಟಿಸಿದವನು ಈಲೈ ಟೆರ್ರಿ (1772-1852).

ಟೆರ್ರಿಯು ಹಿತ್ತಾಳೆಯ ಕೆಲಸವನ್ನು ಕಲಿತವನಾದರೂ ದುಬಾರಿಯಾದ ಆ ಲೋಹವನ್ನು ಬಿಟ್ಟು, ಸ್ಥಳದಲ್ಲಿ ಯಥೇಚ್ಛವಾಗಿ ದೊರೆಯುತ್ತಿದ್ದ ಮರದಿಂದಲೇ ಚಕ್ರಗಳನ್ನು ಮಾಡತೊಡಗಿದನು. ಓಕ್ ಮರದ ಹಲಗೆಗಳ ನಡುವೆ ಚೆರಿ ಮರದ ಹಲ್ಲುಚಕ್ರಗಳು ತಿರುಗುವ ಗಡಿಯಾರವದು. ಪೋರ್ಟರ್ ಎಂಬ ವ್ಯಾಪಾರಿಗಳು ಆತನೊಡನೆ ಒಂದು ಕರಾರನ್ನು ಮಾಡಿಕೊಂಡರು: ಮೂರು ವರ್ಷಗಳಲ್ಲಿ 4,000 ಯಂತ್ರಗಳು, ಒಂದೊಂದಕ್ಕೆ 4 ಡಾಲರುಗಳು. ಒಬ್ಬ ಗಡಿಯಾರದವನು ಜೀವಮಾನದಲ್ಲಿ ಮಾಡುವುದಕ್ಕಿಂತ ಇದು ಎಷ್ಟೋ ಪಾಲು ಹೆಚ್ಚು. ನೆರೆಹೊರೆಯವರು ಇದನ್ನು ಹುಚ್ಚೆಂದು ಭಾವಿಸಿದರಂತೆ. 1807ರಲ್ಲಿ ಕೆಲಸಕ್ಕೆ ತೊಡಗಿದ ಟೆರ್ರಿಯು ಮೊದಲನೆಯ ವರ್ಷವೆಲ್ಲ ನೀರಿನ ಬಲದಿಂದ ತಿರುಗುವ ಯಂತ್ರಗಳನ್ನೂ ಅಳತೆಯ ಅಚ್ಚುಗಳನ್ನೂ ಸಿದ್ಧಪಡಿಸುವುದರಲ್ಲಿಯೇ ಕಳೆದನು. ಎರಡನೆಯ ವರ್ಷದಲ್ಲಿ 1,000, ಮೂರನೆಯ ವರ್ಷದಲ್ಲಿ 3,000 ಯಂತ್ರಗಳನ್ನು ಮುಗಿಸಿ 1810ರ ಹೊತ್ತಿಗೆ ಕರಾರನ್ನು ತೀರಿಸಿದನು. ಈ ಯಂತ್ರಗಳನ್ನು ಪೆಟ್ಟಿಗೆಯಿಲ್ಲದೆಯೇ ಕೊಂಡು, ಬರಿಯ ಗೋಡೆಗೆ ತೂಗುಹಾಕಿ, ಲೋಲಕವೂ ಗುಂಡುಗಳೂ ಹೊರಗೆ ಜೋತಾಡುತ್ತಿರುವಂತೆಯೇ ಬಳಸಿದ ಸಂಸಾರಗಳು ಎಷ್ಟೋ ಇದ್ದುವು.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಹಿಂದಿನ ಕ್ರಮದಲ್ಲಿ ಒಂದು ಗಡಿಯಾರದ ಚಕ್ರವು ಅದೇ ಗಡಿಯಾರಕ್ಕೆ ಮಾತ್ರ ಹೊಂದುತ್ತಿತ್ತು. ಪ್ರತಿಯೊಂದನ್ನೂ ಮತ್ತೊಂದಕ್ಕೆ ಉಜ್ಜಿ ಕೂಡಿಸಬೇಕಾಗಿತ್ತು. ಟೆರ್ರಿಯ ಕ್ರಮದಲ್ಲಿ ಸಾವಿರ ಚಕ್ರಗಳ ರಾಶಿಯಿಂದ ಕೈಗೆ ಬಂದ ಯಾವುದನ್ನೇ ಎತ್ತಿಕೊಂಡರೂ ಹೊಂದುವುದು. ಕುಶಲತೆಯು ಇಲ್ಲಿ ನಾಶವಾಗಲಿಲ್ಲ, ಸ್ಥಾನವನ್ನು ಬದಲಿಸಿತು. ಚಕ್ರವನ್ನು ತಿದ್ದುವ ಕೈಯಿಂದ ಅಚ್ಚನ್ನು ತಿದ್ದುವ ಕೈಗೆ ಹೋಯಿತು. ಅಚ್ಚು ಕೂದಲೆಳೆಯಷ್ಟು ತಪ್ಪಿದರೆ ಸಾವಿರ ಗಡಿಯಾರಗಳು ತಪ್ಪುವುವು. ಆದುದರಿಂದ ಅದನ್ನು ಮಾಡುವವನ ಹೊಣೆಯು ಸಾವಿರ ಪಾಲು ಹೆಚ್ಚು.

ಟೆರ್ರಿಯ ಬಳಿ ದುಡಿದ ಸೇತ್ ಥಾಮಸ್ (1785-1859) ಎಂಬ ಬಡಗಿಯು 1813ರಲ್ಲಿ ತಾನೇ ಒಂದು ಕಾರ್ಖಾನೆಯನ್ನು ಕೊಂಡನು. ಅದು ಬೆಳೆದ ಊರಿಗೆ ಮುಂದೆ ಆತನ ನೆನಪಿಗಾಗಿ ಥಾಮಸ್ಟನ್ ಎಂದು ಹೆಸರಾಯಿತು. ಇನ್ನೊಬ್ಬನು ಚಾನ್ಸಿ ಜೆರೋಮ್ (1793-1868). ಮರದ ಚಕ್ರಗಳಿಗೆ ಒಂದು ದೋಷವಿತ್ತು: ತೇವದಲ್ಲಿ ಅವು ಉಬ್ಬುತ್ತಿದ್ದುವು. ಹಡಗಿನಲ್ಲಿ ಕಳುಹಿಸಿದರೆ ದಡ ಸೇರುವಷ್ಟರಲ್ಲಿ ಕೆಟ್ಟುಹೋಗುತ್ತಿದ್ದುವು. ಆ ವೇಳೆಗೆ ವಾಟರ್‌ಬರಿಯ ಸುತ್ತಲಿನ ಕಣಿವೆಯಲ್ಲಿ ಹಿತ್ತಾಳೆಯನ್ನು ತಗಡಾಗಿ ಎಳೆಯುವ ಕಾರ್ಖಾನೆಗಳು ತಲೆಯೆತ್ತಿದ್ದುವು. 1838ರ ಸುಮಾರಿನಲ್ಲಿ ಜೆರೋಮನು ತನ್ನ ಸಹೋದರ ನೋಬಲ್ಲನೊಡನೆ ಸೇರಿ, ಆ ತಗಡಿನಿಂದ ಚಕ್ರಗಳನ್ನು ಒತ್ತಿ ತೆಗೆದು, ಅಗ್ಗವಾದ ಹಿತ್ತಾಳೆಯ ಗಡಿಯಾರವನ್ನು ತಯಾರಿಸಿದನು. ಎರಕ ಹೊಯ್ಯುವ, ಬಡಿಯುವ ಶ್ರಮವೆಲ್ಲ ತಪ್ಪಿತು.

1842ರಲ್ಲಿ ಆತನು ಇವುಗಳನ್ನು ಇಂಗ್ಲೆಂಡಿಗೆ ಕಳುಹಿಸಿದಾಗ ನಡೆದ ಕಥೆಯು ಸ್ವಾರಸ್ಯವಾಗಿದೆ. ಕಾಗದದಲ್ಲಿ ಬರೆದಿದ್ದ ಬೆಲೆಯನ್ನು ನೋಡಿ ಅಲ್ಲಿಯ ಸುಂಕದ ಅಧಿಕಾರಿಗಳು ನಂಬಲಿಲ್ಲ. ಸುಂಕ ತಪ್ಪಿಸಲು ಸುಳ್ಳು ಬೆಲೆಯನ್ನು ಬರೆದಿರುವನೆಂದು ಎಣಿಸಿದರು. ಅಂತಹ ಸರಕನ್ನು, ಬರೆದ ಬೆಲೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಕೊಟ್ಟು, ಸರ್ಕಾರವೇ ವಶಪಡಿಸಿಕೊಳ್ಳಬಹುದೆಂಬ ನಿಯಮವಿತ್ತು. ಹಾಗೆಯೇ ಮಾಡಿದರು. ಜೆರೋಮನಿಗೆ ಕುಳಿತಲ್ಲಿಯೇ ಸರಕೆಲ್ಲ ಲಾಭಕ್ಕೆ ಮಾರಾಟವಾಯಿತು! ಎರಡನೆಯ ಸರಕನ್ನು ಕಳುಹಿಸಿದನು. ಅದೂ ಹಾಗೆಯೇ ಆಯಿತು. ಮೂರನೆಯದು ಬಂದಾಗ, ಆ ಬೆಲೆಯು ನಿಜವೇ ಎಂದು ಅಧಿಕಾರಿಗಳಿಗೆ ಮನವರಿಕೆಯಾಗಿ ದಾರಿ ಬಿಟ್ಟರು. ಅಲ್ಲಿಂದ ಮುಂದೆ ಕನೆಕ್ಟಿಕಟ್ಟಿನ ಗಡಿಯಾರಗಳು ಸಮುದ್ರಗಳನ್ನು ದಾಟಿ ನಾನಾ ದೇಶಗಳಿಗೆ ಹರಡಿದುವು. ನಮ್ಮ ದೇಶಕ್ಕೂ ಬಂದುವು.

ಈಗ ನಮ್ಮ ಗೋಡೆಯ ಮೇಲಣ ಗಡಿಯಾರಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚಾಗಿ ತಯಾರಾದುದು ಎಂಟು ಮೂಲೆಯ ಚೌಕಟ್ಟಿನ ಗಡಿಯಾರ. ಅದರ ಕೆಳಗೆ ಲೋಲಕವು ಕಾಣುವಂತೆ ಸಣ್ಣದೊಂದು ಗಾಜಿನ ಬಾಗಿಲು. ಅಮೆರಿಕದಲ್ಲಿ ಇದು ಪಾಠಶಾಲೆಗಳ ಗೋಡೆಗಳನ್ನೆಲ್ಲ ತುಂಬಿದುದರಿಂದ ಇದಕ್ಕೆ ಶಾಲೆಯ ಗಡಿಯಾರವೆಂದೇ ಹೆಸರು. ಚೌಕಟ್ಟನ್ನು ನೋಡಿ. ಎಂಟು ತುಂಡುಗಳು, ಎಂಟು ಸಂದುಗಳು. ಪ್ರತಿಯೊಂದು ತುಂಡಿನ ತುದಿಯನ್ನೂ ಇಪ್ಪತ್ತೆರಡೂವರೆ ಅಂಶಗಳ ಓರೆಯಲ್ಲಿ ಕೊಯ್ಯಬೇಕು. ಒಂದೊಂದು ಕೊಯ್ತದಲ್ಲಿ ಅರ್ಧ ಅಂಶ ತಪ್ಪಿದರೂ ಹದಿನಾರು ಕೊಯ್ತಗಳ ತಪ್ಪು ಸೇರಿ ಎಂಟು ಅಂಶಗಳಾಗಿ, ಕೊನೆಯ ಸಂದು ಬಾಯಿ ಬಿಡುವುದು. ನೂರು ವರ್ಷಗಳ ಮೇಲೂ ಸಂದು ಕಾಣದಂತೆ ಕೂಡಿರುವ ಚೌಕಟ್ಟನ್ನು ಕಂಡರೆ ಕೊಯ್ದವನಿಗೆ ಮನಸ್ಸಿನಲ್ಲಿಯೇ ಕೈಮುಗಿಯಬೇಕು. ಅಗ್ಗವಾದ ಪೈನ್ ಮರದ ಮೇಲೆ ಬೀಟೆಯ ಜಾತಿಯ ಮರದ ತೆಳ್ಳನೆಯ ಹಾಳೆಯನ್ನು, ಚರ್ಮದಿಂದ ತೆಗೆದ ಅಂಟನ್ನು ಕಾಯಿಸಿ ಮೆತ್ತಿ, ಅದರ ಮೇಲೆ ಅರಗಿನ ಮೆರುಗನ್ನು ಕೊಟ್ಟಿರುವರು. ಇದು ಮೋಸವಲ್ಲವೇ ಎಂದು ಕೇಳಬಹುದು. ಅಲ್ಲ; ಗಟ್ಟಿ ಮರವು ಹವೆಗೆ ತಿರುಚಿಕೊಳ್ಳುವುದು, ಹಾಳೆಯನ್ನು ಮೆತ್ತಿದ ಪೆಟ್ಟಿಗೆಯು ಅಷ್ಟಾಗಿ ತಿರುಚುವುದಿಲ್ಲ. ಆ ಅಂಟಿನಲ್ಲಿ ಇನ್ನೊಂದು ಗುಣವಿದೆ. ಬಿಸಿಯೂ ತೇವವೂ ತಾಗಿದರೆ ಬಿಡುವುದು. ಆದುದರಿಂದ ಮುಂದೆಂದಾದರೂ ರಿಪೇರಿ ಮಾಡುವವನು ಮರವನ್ನು ಮುರಿಯದೆ ಬಿಚ್ಚಬಹುದು.

ಒಳಗಿನ ಯಂತ್ರದಲ್ಲಿಯೂ ಇದೇ ವಿವೇಕವು ಕಾಣುವುದು. ಎರಡು ಹಿತ್ತಾಳೆಯ ಫಲಕಗಳ ನಡುವೆ ಎರಡು ಚಕ್ರಮಾಲೆಗಳು. ಮುಖಫಲಕದಲ್ಲಿ ಎರಡು ಕೀಲಿರಂಧ್ರಗಳಿದ್ದರೆ ಬಲಗಡೆಯದು ಕಾಲ ತೋರಿಸುವುದಕ್ಕೆ, ಎಡಗಡೆಯದು ಗಂಟೆ ಹೊಡೆಯುವುದಕ್ಕೆ. ಬಿಗಿದ ಉಕ್ಕಿನ ಸುರುಳಿಯು ಬಿಚ್ಚಿಕೊಳ್ಳಬೇಕೆಂದು ಚಕ್ರಗಳನ್ನು ನೂಕುವುದು. ತಡೆಯಿಲ್ಲದಿದ್ದರೆ ಎಂಟು ದಿನಗಳ ಬಲವೆಲ್ಲ ಕ್ಷಣದಲ್ಲಿ ಮುಗಿದುಹೋಗುತ್ತಿತ್ತು. ಕೊನೆಯ ಚಕ್ರದ ಮೇಲೆ ಲಂಗರಿನಂತೆ ಬಾಗಿದ ಉಕ್ಕಿನ ತುಂಡೊಂದು ಕುಳಿತು, ಲೋಲಕದ ಒಂದೊಂದು ತೂಗಿಗೆ ಒಂದೊಂದು ಹೆಜ್ಜೆಯನ್ನು ಮಾತ್ರ ಬಿಡುವುದು. ಬಿಡುವಾಗ ಲೋಲಕಕ್ಕೆ ಸಣ್ಣದೊಂದು ನೂಕನ್ನೂ ಕೊಡುವುದು. ಲೋಲಕವು ಚಕ್ರವನ್ನು ನಿಗ್ರಹಿಸುವುದು, ಚಕ್ರವು ಲೋಲಕವನ್ನು ಪೋಷಿಸುವುದು. ನಾವು ಕೇಳುವ ‘ಟಿಕ್ ಟಿಕ್’ ಇದೇ. ಲೋಲಕವು ಅರ್ಧ ಸೆಕೆಂಡಿನದಾದರೆ ದಿನಕ್ಕೆ 1,72,800 ಸಲ, ವರ್ಷಕ್ಕೆ ಆರು ಕೋಟಿಗೂ ಮೇಲ್ಪಟ್ಟು ಈ ವ್ಯವಹಾರವು ನಡೆಯುವುದು.

ಗಂಟೆ ಹೊಡೆಯುವ ಲೆಕ್ಕವು ಇನ್ನೂ ಸುಂದರವಾದುದು. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78. ಎಣಿಕೆಯ ಚಕ್ರವೊಂದರ ಅಂಚನ್ನು ಈ ಲೆಕ್ಕಕ್ಕೆ ತಕ್ಕಂತೆ ಕ್ರಮಕ್ರಮವಾಗಿ ದೂರವಾಗುವ ಕಚ್ಚುಗಳಿಂದ ಕೊರೆದಿರುವರು. ಸನ್ನೆಯೊಂದು ಕಚ್ಚಿಗೆ ಬಿದ್ದಾಗ ಹೊಡೆತವು ನಿಲ್ಲುವುದು. ಅರ್ಧ ಗಂಟೆಗೊಂದು ಹೊಡೆಯುವ ಗಡಿಯಾರದಲ್ಲಿ ಹನ್ನೆರಡು ಸೇರಿ 90 ಆಗುವುದು. ಗಣಿತವನ್ನು ಹಿತ್ತಾಳೆಯ ಅಂಚಿನಲ್ಲಿ ಬರೆದಿಟ್ಟಿರುವುದೆಂದರೆ ಇದೇ ಅಲ್ಲವೆ?

ಇನ್ನು ಉಳಿತಾಯವನ್ನು ಎಲ್ಲಿ ಮಾಡಿದರೆಂಬುದನ್ನು ನೋಡಬೇಕು. ಸಣ್ಣ ಗಾಲಿಗಳನ್ನು ಉಕ್ಕಿನಲ್ಲಿ ಕೊರೆಯುವುದು ದುಬಾರಿ. ಅದಕ್ಕೆ ಬದಲಾಗಿ ಎರಡು ಬಿಲ್ಲೆಗಳ ನಡುವೆ ಉಕ್ಕಿನ ತಂತಿಯ ತುಂಡುಗಳನ್ನು ಪಂಜರದಂತೆ ನೆಟ್ಟರು. ನೋಡುವುದಕ್ಕೆ ಬಡತನವೆಂದು ತೋರಿದರೂ, ಧೂಳು ಬಿದ್ದರೆ ಆ ಸಂದುಗಳಿಂದ ಕೆಳಗುದುರಿ ಹೋಗುವುದು, ಗಾಲಿಯು ಕಚ್ಚಿಕೊಳ್ಳುವುದಿಲ್ಲ. ಕಾಣುವ ಅಲಂಕಾರದಲ್ಲಿ ಉಳಿಸಿದರು. ನಡೆಯುವ ಭಾಗದಲ್ಲಿ ಸರಳತೆಯಿಂದ ಉಳಿಸಿದರು. ಸವೆಯುವ ಸ್ಥಳವನ್ನು ರಿಪೇರಿಗೆ ತೆರೆದಿಟ್ಟರು. ಅಗ್ಗವಾದ ವಸ್ತುವು ಕಪಟವಾಗಿರಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ.

ಸಮುದ್ರವನ್ನು ದಾಟಿ ಬಂದ ಈ ಗಡಿಯಾರವು ನಮ್ಮ ನಾಡಿನಲ್ಲಿ ಇಳಿದೊಡನೆ ಒಂದು ವಿಚಿತ್ರವನ್ನು ತೋರಿಸುವುದು. ಕನೆಕ್ಟಿಕಟ್ಟಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಯಂತ್ರವು, ಏನೂ ಕೆಡದಿದ್ದರೂ, ಬೆಂಗಳೂರಿನಲ್ಲಿ ದಿನಕ್ಕೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚಾಗಿ ಹಿಂದೆ ಬೀಳುವುದು. ಕಾರಣವು ಭೂಮಿಯಲ್ಲಿಯೇ ಇದೆ. ಭೂಮಿಯು ತಿರುಗುತ್ತಿರುವುದರಿಂದಲೂ, ಸಮಭಾಜಕವೃತ್ತದ ಕಡೆಗೆ ಉಬ್ಬಿರುವುದರಿಂದಲೂ, ಬೆಂಗಳೂರು ಸಮುದ್ರಮಟ್ಟದಿಂದ ಎತ್ತರದಲ್ಲಿರುವುದರಿಂದಲೂ, ಇಲ್ಲಿ ಗುರುತ್ವಾಕರ್ಷಣೆಯು ಅಲ್ಲಿಗಿಂತ ಅಲ್ಪವಾಗಿ ಕಡಿಮೆ. ಲೋಲಕವು ಅಷ್ಟು ಮಂದವಾಗಿ ತೂಗುವುದು. 1672ರಲ್ಲಿ ಝಾನ್ ರಿಶೆ ಎಂಬ ಫ್ರೆಂಚ್ ಜ್ಯೋತಿಷಿಯು ಪ್ಯಾರಿಸ್ಸಿನ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಾಯೆನ್ ಎಂಬಲ್ಲಿಗೆ ಒಯ್ದಾಗ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದುದನ್ನು ಕಂಡನು. ಭೂಮಿಯು ಪೂರ್ಣವಾದ ಗೋಲವಲ್ಲವೆಂಬ ವಾದಕ್ಕೆ ಅದು ಸಾಕ್ಷಿಯಾಯಿತು. ಪರಿಹಾರವು ಅತಿ ಸುಲಭ. ಲೋಲಕದ ಕೆಳಗಿನ ತಿರುಪನ್ನು ತಿರುಗಿಸಿ, ಹತ್ತು ಅಂಗುಲದ ಲೋಲಕವಾದರೆ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚಾಗಿ ಬಿಲ್ಲೆಯನ್ನು ಮೇಲೆತ್ತಿದರೆ ಸಾಕು. ಮಕ್ಕಳಿಗೆ ಭೂಗೋಳವನ್ನೂ ಪದಾರ್ಥವಿಜ್ಞಾನವನ್ನೂ ಒಟ್ಟಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉಪಕರಣವನ್ನು ನನ್ನ ಅಧ್ಯಾಪಕವೃತ್ತಿಯಲ್ಲಿ ನಾನು ಕಂಡಿಲ್ಲ.

ಇಂತಹ ಗಡಿಯಾರವು ಮನೆಯಲ್ಲಿರುವವರು ಕೆಲವು ನಿಯಮಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಗಡಿಯಾರವು ಗೋಡೆಗೆ ನೆಟ್ಟಗೆ ತೂಗಬೇಕು. ಕಣ್ಣಿಗಿಂತ ಕಿವಿಯನ್ನು ನಂಬಿರಿ. ‘ಟಿಕ್’ ಮತ್ತು ‘ಟಾಕ್’ಗಳ ನಡುವಣ ಬಿಡುವು ಸಮವಾಗಿದ್ದರೆ ಸರಿ, ಕುಂಟುತ್ತಿದ್ದರೆ ಪೆಟ್ಟಿಗೆಯನ್ನು ಅತ್ತಿತ್ತ ಸ್ವಲ್ಪ ಸರಿಸಬೇಕು. ನಿಂತುಹೋಯಿತೆಂದು ದೂರುವ ಗಡಿಯಾರಗಳಲ್ಲಿ ಎಷ್ಟೋ ಇಷ್ಟರಿಂದಲೇ ನಡೆಯತೊಡಗುವುವು. ಎರಡನೆಯದಾಗಿ, ವಾರದ ಒಂದು ಗೊತ್ತಾದ ದಿನ ಕೀಲಿ ಕೊಡಬೇಕು; ಸುರುಳಿಯ ಬಲವು ವಾರದ ಮೊದಲಿನಂತೆ ಕೊನೆಯಲ್ಲಿ ಇರುವುದಿಲ್ಲ. ಮೂರನೆಯದಾಗಿ, ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಬಾರದು. ಮುಂದಕ್ಕೆ ತಿರುಗಿಸುವಾಗ ಪ್ರತಿಯೊಂದು ಗಂಟೆಯೂ ಹೊಡೆದು ಮುಗಿಯುವವರೆಗೆ ಕಾಯಬೇಕು. ಇಲ್ಲವಾದರೆ ಮುಳ್ಳು ನಾಲ್ಕನ್ನು ತೋರಿಸಿ ಗಂಟೆಯು ಏಳು ಹೊಡೆಯುವುದು. ನಾಲ್ಕನೆಯದಾಗಿ, ಕೊಬ್ಬರಿ ಎಣ್ಣೆ, ಹರಳೆಣ್ಣೆಗಳನ್ನು ಹಾಕಬಾರದು. ಅವು ಅಂಟಾಗಿ ಧೂಳನ್ನು ಹಿಡಿಯುವುವು. ಗಡಿಯಾರದ ಎಣ್ಣೆಯನ್ನು ಅಚ್ಚಿನ ತುದಿಗಳಿಗೆ ಮಾತ್ರ ಸೂಜಿಯ ಮೊನೆಯಷ್ಟು ಮುಟ್ಟಿಸಬೇಕು, ಹಲ್ಲುಗಳಿಗೆ ಬೇಡ. ಬಿಗಿದ ಸುರುಳಿಯಿರುವ ಯಂತ್ರವನ್ನು ಬಿಚ್ಚಲು ಮನೆಯವರು ಯತ್ನಿಸಲೇಬಾರದು. ಅದು ಬೆರಳನ್ನು ಮುರಿಯಬಲ್ಲುದು.

ಪೆಟ್ಟಿಗೆಯ ಒಳಬೆನ್ನಿಗೆ ಅಂಟಿಸಿದ ಅಚ್ಚಿನ ಕಾಗದವೊಂದಿದ್ದರೆ ಅದನ್ನು ಕೀಳಬೇಡಿರಿ. ಮಾಡಿದವನ ಹೆಸರೂ ಗಡಿಯಾರವನ್ನು ನಡೆಸುವ ಕ್ರಮವೂ ಅದರಲ್ಲಿರುವುವು. ಅದೇ ಅದರ ಜಾತಕ. ಹಳೆಯ ಸಾಮಾನಿನ ಪೇಟೆಯಲ್ಲಿ ಒಂದರ ತಲೆಗೆ ಇನ್ನೊಂದರ ಮುಂಡವನ್ನು ಕೂಡಿಸಿ, ಹೊಸ ಕಾಗದಕ್ಕೆ ಹಳೆಯ ಬಣ್ಣವನ್ನು ಕೊಟ್ಟು ಮಾರುವವರೂ ಉಂಟು. ಕೊಳ್ಳುವವರು ಮುಖಫಲಕ, ಯಂತ್ರದ ಹಿತ್ತಾಳೆಯ ಮೇಲಣ ಮುದ್ರೆ, ಒಳಗಿನ ಕಾಗದ ಈ ಮೂರರಲ್ಲಿಯೂ ಒಂದೇ ಹೆಸರಿದೆಯೇ ಎಂದು ನೋಡಬೇಕು; ಯಂತ್ರವನ್ನು ಬಿಗಿದ ಮೊಳೆಗಳ ಪಕ್ಕದಲ್ಲಿ ಬೇರೆ ಹಳೆಯ ತೂತುಗಳಿದ್ದರೆ ಸಂಶಯಪಡಬೇಕು.

ಈಗ ಬ್ಯಾಟರಿಯ ಪ್ರಶ್ನೆ. ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುವುದರಿಂದ ನಡೆಯುವ ಇಂದಿನ ಗಡಿಯಾರವು ಕಾಲವನ್ನು ತೋರಿಸುವುದರಲ್ಲಿ ಲೋಲಕದ ಗಡಿಯಾರವನ್ನು ಸುಲಭವಾಗಿ ಮೀರಿಸುವುದು. ಇದನ್ನು ಒಪ್ಪಲೇಬೇಕು. ರೈಲಿಗೆ ಹೋಗುವವರು ಅದನ್ನೇ ನೋಡಲಿ. ಬೇರೊಂದು ಗೋಡೆಯಲ್ಲಿ ಅದಕ್ಕೂ ಸ್ಥಳವಿರುವುದು. ಆದರೆ ಅದು ಕೆಟ್ಟರೆ ಎಸೆಯುವುದೊಂದೇ ಮಾರ್ಗ. ಹಳೆಯ ಯಂತ್ರವು ಹಾಗಲ್ಲ. ಅಚ್ಚಿನ ತೂತು ಸವೆದು ಅಂಡಾಕಾರವಾದರೆ ಹಿತ್ತಾಳೆಯ ಬಳೆಯನ್ನು ಕೂರಿಸಬಹುದು. ಹಲ್ಲು ಮುರಿದರೆ ಹಲ್ಲನ್ನು ನೆಡಬಹುದು. ಸುರುಳಿ ತುಂಡಾದರೆ ಬೇರೆಯದನ್ನು ಹಾಕಬಹುದು. ಮಾಡಿದ ಕಾರ್ಖಾನೆಗಳ ವೈಭವವು ಇಂದು ಉಳಿದಿಲ್ಲ. ಅನ್ಸೋನಿಯದ ಯಂತ್ರೋಪಕರಣಗಳು 1929ರಲ್ಲಿಯೇ ಸೋವಿಯತ್ ಸರ್ಕಾರಕ್ಕೆ ಮಾರಿಹೋದುವು. ಆದುದರಿಂದ ಇಂದು ಕಿತ್ತು ಎಸೆದುದನ್ನು ನಾಳೆ ತರಿಸುವೆವೆಂದರೆ ಹಾಗೆ ಹೊಸದಾಗಿ ಮಾಡಿಕೊಡುವವರಿಲ್ಲ. ಪೆಟ್ಟಿಗೆಯನ್ನು ಇಟ್ಟುಕೊಂಡು ಯಂತ್ರವನ್ನು ಬಿಸಾಡುವುದು, ವೀಣೆಯ ತಂತಿ ಮೆಟ್ಟಿಲುಗಳನ್ನು ಕಿತ್ತು ಬುರುಡೆಯನ್ನು ಮೊಳೆಗೆ ತೂಗುಹಾಕಿದಂತೆ.

ಜೆರೋಮನ ಅಂತ್ಯವನ್ನು ಹೇಳದೆ ಮುಗಿಸಲಾಗದು. ಗಡಿಯಾರವನ್ನು ಬಡವರ ಮನೆಗೆ ತಲುಪಿಸಿದ ಆತನು 1845ರಲ್ಲಿ ಬೆಂಕಿಯಿಂದ ಕಾರ್ಖಾನೆಯನ್ನು ಕಳೆದುಕೊಂಡು ಮತ್ತೆ ಕಟ್ಟಿದನು. ಹತ್ತು ವರ್ಷಗಳ ಮೇಲೆ ಸಾಲದ ಸುಳಿಗೆ ಸಿಕ್ಕಿ ದಿವಾಳಿಯಾದನು. ಮುಪ್ಪಿನಲ್ಲಿ ಇತರರ ಕಾರ್ಖಾನೆಗಳಲ್ಲಿ ಕೂಲಿಗೆ ದುಡಿದನು. 1860ರಲ್ಲಿ ತನ್ನ ವೃತ್ತಿಯ ಚರಿತ್ರೆಯನ್ನು ಬರೆದು ಪ್ರಕಟಿಸಿ, 1868ರಲ್ಲಿ ಬಡವನಾಗಿಯೇ ಕಣ್ಮುಚ್ಚಿದನು. ವಿಲ್ಲರ್ಡನಿಗೂ ಸಂಪತ್ತು ಒದಗಲಿಲ್ಲವೆಂದು ಹೇಳಿದೆವಷ್ಟೆ. ಆದರೆ ಇವರು ಮಾಡಿಟ್ಟ ವಸ್ತುಗಳು ಇವರಿಗಿಂತ ಹೆಚ್ಚು ಕಾಲ ಬಾಳಿದುವು. ಕಂಡು ಕೇಳದ ದೇಶಗಳಲ್ಲಿ, ಇವರ ಭಾಷೆಯನ್ನರಿಯದ ಮನೆಗಳಲ್ಲಿ, ಮಕ್ಕಳನ್ನು ಪಾಠಶಾಲೆಗೆ ಕಳುಹಿಸಿದುವು, ವೃದ್ಧರಿಗೆ ಔಷಧದ ವೇಳೆಯನ್ನು ಸೂಚಿಸಿದುವು, ಹುಟ್ಟಿದ ಶಿಶುವಿನ ಜಾತಕಕ್ಕೆ ಗಳಿಗೆಯನ್ನು ಕೊಟ್ಟುವು. ಒಬ್ಬ ಕೆಲಸಗಾರನು ಪರರ ಮನೆಯಲ್ಲಿ ಬಿಟ್ಟುಹೋಗಬಹುದಾದ ಪುಣ್ಯವು ಇದಕ್ಕಿಂತ ಹೆಚ್ಚೇನಿದೆ? ನಿಮ್ಮ ಮನೆಯ ಗಡಿಯಾರವು ನಿಂತಿದ್ದರೆ, ಮಾರುವ ಅಥವಾ ಕೀಳುವ ಮಾತನ್ನು ಆಡುವುದಕ್ಕೆ ಮೊದಲು ಸಣ್ಣ ಬಾಗಿಲನ್ನು ತೆರೆದು ಹೆಸರನ್ನು ಓದಿರಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿರಿ, ಲೋಲಕವನ್ನು ಮೆಲ್ಲನೆ ಒಮ್ಮೆ ತೂಗಿಬಿಟ್ಟು ಕಿವಿಗೊಡಿರಿ. ಆಮೇಲೂ ನಡೆಯದಿದ್ದರೆ ಊರಿನಲ್ಲಿ ಉಳಿದಿರುವ ಹಳೆಯ ಗಡಿಯಾರದ ರಿಪೇರಿಯವರನ್ನು ಹುಡುಕಿರಿ. ಗಡಿಯಾರದೊಡನೆ ಅವರ ವಿದ್ಯೆಯೂ ಉಳಿದೀತು.